ಅಂಕಿ ಕದಲಿತೇ? ಲ್ಯಾಪ್‌ಟಾಪಿನ ಸದ್ದು ತಾನಾಗಿ ಏರಿಳಿದರೆ ಹೀಗೆ ಮಾಡಿ

ಬಸವೇಶ್ವರನಗರದ ನಮ್ಮ ಬೀದಿಯ ತಿರುವಿನ ಮನೆಯಲ್ಲಿ ಒಬ್ಬ ಮೇಷ್ಟ್ರಿದ್ದಾರೆ. ನಿವೃತ್ತಿಯಾದ ಮೇಲೆ ಬೆಳಗಿನ ಕಾಫಿಯ ಜೊತೆಗೆ ಲ್ಯಾಪ್‌ಟಾಪಿನಲ್ಲಿ ಹಳೆಯ ಸಂಗೀತ ಕಚೇರಿಗಳನ್ನು ಕೇಳುವುದು ಅವರ ರೂಢಿ. ಕಳೆದ ಮಳೆಗಾಲದಲ್ಲಿ ಒಂದು ದಿನ ಲ್ಯಾಪ್‌ಟಾಪನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ನಮ್ಮ ಮನೆಗೆ ಬಂದರು.

"ನೋಡಪ್ಪ, ಹಾಡುವವರು ಉಸಿರು ತೆಗೆದುಕೊಳ್ಳಲು ನಿಂತರೆ ಸಾಕು, ತಂಬೂರಿ ಮೈಮೇಲೆ ಬರುತ್ತದೆ. ಅವರು ಮತ್ತೆ ರಾಗ ಎತ್ತಿಕೊಂಡರೆ ತಂಬೂರಿ ಬಾಲ ಮುದುರಿಕೊಂಡು ಕೂರುತ್ತದೆ. ಎಲ್ಲಾದರೂ ಉಂಟೇ?"

ಅಷ್ಟರಲ್ಲಾಗಲೇ ಒಂದು ಅಂಗಡಿಯವರು ಸ್ಪೀಕರ್ ಸುಟ್ಟಿದೆ ಎಂದು ಹೇಳಿ ಎರಡನ್ನೂ ಬದಲಾಯಿಸಿ ದುಡ್ಡು ತೆಗೆದುಕೊಂಡಿದ್ದರು. ಹೊಸ ಸ್ಪೀಕರಿನಲ್ಲೂ ತಂಬೂರಿ ಹಾಗೆಯೇ ಏಳುತ್ತಿತ್ತು. ನಾನು ಮಾಡಿದ್ದು ಇಷ್ಟೇ: ಒಂದು ಟಿಕ್ ಗುರುತನ್ನು ತೆಗೆದೆ. ಎರಡು ನಿಮಿಷದ ಕೆಲಸ. ಆದರೆ ಆ ಗುರುತು ಎಲ್ಲಿದೆ ಎಂದು ತಿಳಿಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕಿತ್ತು. ಆ ಅಂಗಡಿಯವರು ಕೇಳದೆ ಬಿಟ್ಟದ್ದೂ ಅದನ್ನೇ.

ಮೊದಲು ನೋಡಿ, ಆಮೇಲೆ ಮುಟ್ಟಿ

ಸದ್ದು ತಾನಾಗಿ ಹೆಚ್ಚು ಕಡಿಮೆಯಾದಾಗ ಹೆಚ್ಚಿನವರು ಮೊದಲು ಡ್ರೈವರ್ (ಯಂತ್ರದ ಧ್ವನಿ ಭಾಗವನ್ನು ವಿಂಡೋಸಿಗೆ ಹೊಂದಿಸುವ ತಂತ್ರಾಂಶ) ಕಿತ್ತು ಹಾಕುತ್ತಾರೆ, ಅದೂ ಫಲಿಸದಿದ್ದರೆ ವಿಂಡೋಸನ್ನೇ ಹೊಸದಾಗಿ ಹಾಕಿಸುತ್ತಾರೆ. ಅದು ಹಲ್ಲು ನೋವಿಗೆ ತಲೆ ಬೋಳಿಸಿದ ಹಾಗೆ. ಮೊದಲು ಒಂದು ಪರೀಕ್ಷೆ ಮಾಡಿ.

ಲ್ಯಾಪ್‌ಟಾಪಿನೊಳಗೇ ಉಳಿಸಿಕೊಂಡಿರುವ ಒಂದು ಧ್ವನಿಮುದ್ರಣವನ್ನು ಆರಿಸಿಕೊಳ್ಳಿ. ಇಂಟರ್ನೆಟ್ಟಿನಿಂದ ನೇರವಾಗಿ ಹರಿದು ಬರುವುದು ಬೇಡ. ಏಕೆಂದರೆ ಅಲ್ಲಿ ಸದ್ದನ್ನು ಸಮ ಮಾಡುವ ಕಾರುಬಾರು ಬೇರೆಯೇ ನಡೆದಿರುತ್ತದೆ. ಮುದ್ರಣದಲ್ಲಿ ಮೆಲುದನಿ, ಜೋರುದನಿ ಎರಡೂ ಇರಬೇಕು. ತಂಬೂರಿ ಕೇಳಿಸುವ ಆಲಾಪನೆ ಇದಕ್ಕೆ ಹೇಳಿ ಮಾಡಿಸಿದ್ದು. ಯಕ್ಷಗಾನದ ಮುದ್ರಣವೂ ಆದೀತು: ಚೆಂಡೆಯ ಒಂದು ಪೆಟ್ಟು ಬಿದ್ದ ಕೂಡಲೇ ಭಾಗವತರ ದನಿ ಅರೆ ಕ್ಷಣ ಹೂತುಹೋಗಿ ಮತ್ತೆ ಮೇಲೆದ್ದರೆ ರೋಗ ಅಲ್ಲೇ ಬಯಲಾಗುತ್ತದೆ.

ವಾಲ್ಯೂಮನ್ನು 50ಕ್ಕೆ ಇಟ್ಟು ಮುದ್ರಣವನ್ನು ಹಚ್ಚಿ. ಪರದೆಯ ಕೆಳಗೆ ಬಲತುದಿಯಲ್ಲಿರುವ ಸ್ಪೀಕರ್ ಚಿತ್ರವನ್ನು ಒತ್ತಿ, ಸ್ಲೈಡರನ್ನು ಕಣ್ಣೆದುರೇ ತೆರೆದಿಟ್ಟುಕೊಳ್ಳಿ. ಈಗ ಕಾಯಿರಿ. ಸದ್ದು ಬದಲಾದ ಕ್ಷಣದಲ್ಲಿ ಅಂಕಿ ಕದಲಿತೇ?

ಅಂಕಿಯೂ ಕದಲಿ, ವಾಲ್ಯೂಮ್ ಕೀ ಒತ್ತಿದಾಗ ಬರುವಂತಹ ಪುಟ್ಟ ಪಟ್ಟಿ ಪರದೆಯ ಮೇಲೆ ತಾನಾಗಿ ಮೂಡಿದರೆ, ಎಲ್ಲೋ ಒಂದು ಗುಂಡಿ ಒತ್ತಿಹೋಗುತ್ತಿದೆ ಎಂದರ್ಥ. ಅಂಕಿ ಕದಲಿದರೂ ಪಟ್ಟಿ ಮೂಡದಿದ್ದರೆ ಯಾವುದೋ ತಂತ್ರಾಂಶ ಒಳಗಿನಿಂದಲೇ ಕೈಯಾಡಿಸುತ್ತಿರಬಹುದು, ಇಲ್ಲವೇ ಲ್ಯಾಪ್‌ಟಾಪ್ ಒಂದು ಸ್ಪೀಕರಿನಿಂದ ಇನ್ನೊಂದಕ್ಕೆ ಹಾರುತ್ತಿರಬಹುದು. ಅಂಕಿ 50ರಲ್ಲೇ ಕಲ್ಲಿನಂತೆ ಕೂತಿದ್ದು ಸದ್ದು ಮಾತ್ರ ಏರಿಳಿದರೆ, ಸದ್ದನ್ನು 'ಸುಧಾರಿಸುವ' ಯಾವುದೋ ಸೌಕರ್ಯದ ಕೈವಾಡ ಅದು. ನನ್ನ ಬಳಿಗೆ ಬರುವ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವು ಈ ಮೂರನೆಯ ಜಾತಿಯವು. ಅಲ್ಲಿಂದಲೇ ಶುರು ಮಾಡೋಣ.

ಅಂಕಿ ಕದಲದೆ ಸದ್ದು ಏರಿಳಿದರೆ

ಸಿನಿಮಾಗಳಲ್ಲಿ ಮಾತು ಪಿಸುಗುಟ್ಟಿದಂತೆ, ಹೊಡೆದಾಟ ಕಿವಿ ಹರಿಯುವಂತೆ ಇರುತ್ತದೆ. ಮನೆಯವರು ಮಲಗಿರುವಾಗ ರಿಮೋಟ್ ಹಿಡಿದುಕೊಂಡೇ ನೋಡುವ ಗತಿ. ಇದಕ್ಕೆ ಪರಿಹಾರವಾಗಿ ವಿಂಡೋಸಿನಲ್ಲಿ 'ಲೌಡ್‌ನೆಸ್ ಈಕ್ವಲೈಸೇಷನ್' ಎಂಬ ಸೌಕರ್ಯವಿದೆ. ಮೆಲುದನಿಯನ್ನು ಎತ್ತುವುದು, ಜೋರುದನಿಯನ್ನು ಅದುಮುವುದು ಅದರ ಕೆಲಸ. ಮಾತಿಗೆ ಅದು ವರ, ಸಂಗೀತಕ್ಕೆ ಶಾಪ. ಹಾಡುವವರು ನಿಂತಾಗ ಉಳಿಯುವುದು ತಂಬೂರಿಯ ಮೆಲುದನಿ ಒಂದೇ. ತಂತ್ರಾಂಶಕ್ಕೆ ಅದು ತಂಬೂರಿ ಎಂದು ಗೊತ್ತಾಗುವುದಿಲ್ಲ. ಮೆಲ್ಲಗಿದೆ, ಎತ್ತಬೇಕು ಎಂದಷ್ಟೇ ಗೊತ್ತು. ಎತ್ತುತ್ತದೆ. ಮೇಷ್ಟ್ರ ಮನೆಯಲ್ಲಿ ಆದದ್ದು ಇದೇ. ರಜೆಗೆ ಬಂದಿದ್ದ ಮೊಮ್ಮಗ ಸಿನಿಮಾದ ಮಾತು ಕೇಳಿಸುತ್ತಿಲ್ಲವೆಂದು ಟಿಕ್ ಹಾಕಿ, ತೆಗೆಯುವುದನ್ನು ಮರೆತು ಊರಿಗೆ ಹೋಗಿದ್ದ.

ತೆಗೆಯುವುದು ಹೀಗೆ. ವಿಂಡೋಸ್ ಕೀ ಹಿಡಿದುಕೊಂಡು ಆರ್ ಅಕ್ಷರ ಒತ್ತಿ. ತೆರೆಯುವ ಸಣ್ಣ ಚೌಕದಲ್ಲಿ ಎಂ, ಎಂ, ಎಸ್, ವೈ, ಎಸ್, ಒಂದು ಚುಕ್ಕಿ, ಸಿ, ಪಿ, ಎಲ್ ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಜಾಗ ಬಿಡದೆ ಬರೆದು ಎಂಟರ್ ಒತ್ತಿ. 'ಸೌಂಡ್' ಎಂಬ ಹಳೆಯ ಕಾಲದ ಕಿಟಕಿ ತೆರೆಯುತ್ತದೆ. ವಿಂಡೋಸ್ ಹತ್ತರಲ್ಲಾಗಲಿ ಹನ್ನೊಂದರಲ್ಲಾಗಲಿ ಇದು ಇದ್ದೇ ಇರುತ್ತದೆ. ಸೆಟಿಂಗ್ಸ್‌ನೊಳಗೆ ಹತ್ತು ಕಡೆ ಅಲೆಯುವುದಕ್ಕಿಂತ ನನಗೆ ಈ ಹಿತ್ತಿಲ ಬಾಗಿಲೇ ಇಷ್ಟ. 'ಪ್ಲೇಬ್ಯಾಕ್' ಪಟ್ಟಿಯಲ್ಲಿ 'ಸ್ಪೀಕರ್ಸ್' ಆರಿಸಿ 'ಪ್ರಾಪರ್ಟೀಸ್' ಒತ್ತಿ. ಅಲ್ಲಿ 'ಎನ್‌ಹಾನ್ಸ್‌ಮೆಂಟ್ಸ್' ಎಂಬ ವಿಭಾಗವಿದ್ದರೆ ಎಲ್ಲ ಎನ್‌ಹಾನ್ಸ್‌ಮೆಂಟುಗಳನ್ನೂ ನಿಲ್ಲಿಸುವ ಚೌಕಕ್ಕೆ ಟಿಕ್ ಹಾಕಿ, 'ಅಪ್ಲೈ' ಒತ್ತಿ. ಆ ವಿಭಾಗ ಕಾಣದಿದ್ದರೆ 'ಅಡ್ವಾನ್ಸ್ಡ್' ವಿಭಾಗದಲ್ಲಿ 'ಎನೇಬಲ್ ಆಡಿಯೊ ಎನ್‌ಹಾನ್ಸ್‌ಮೆಂಟ್ಸ್' ಎಂದಿರಬಹುದು. ಅದರ ಟಿಕ್ ತೆಗೆಯಿರಿ. ವಿಂಡೋಸ್ 11ರಲ್ಲಿ ಸೆಟಿಂಗ್ಸ್, ಸಿಸ್ಟಮ್, ಸೌಂಡ್ ದಾರಿಯಲ್ಲಿ ಹೋಗಿ ಸ್ಪೀಕರಿನ ಹೆಸರನ್ನು ಒತ್ತಿದರೂ 'ಆಡಿಯೊ ಎನ್‌ಹಾನ್ಸ್‌ಮೆಂಟ್ಸ್' ಸಿಗುತ್ತದೆ. ಅದನ್ನು 'ಆಫ್' ಮಾಡಿ.

ಅದೇ ಮುದ್ರಣವನ್ನು ಅದೇ ಜಾಗದಿಂದ ಮತ್ತೆ ಕೇಳಿ. ಸರಿಹೋಗಿದ್ದರೆ ಕೆಲಸ ಮುಗಿಯಿತು.

ಹೋಗದಿದ್ದರೆ ಲ್ಯಾಪ್‌ಟಾಪ್ ತಯಾರಿಸಿದವರು ತಾವೇ ತುಂಬಿಸಿ ಕೊಟ್ಟಿರುವ ಧ್ವನಿ ತಂತ್ರಾಂಶವನ್ನು ಹುಡುಕಬೇಕು. ಮಾದರಿಗೆ ತಕ್ಕಂತೆ ಅದು ಡಾಲ್ಬಿ ಆಗಿರಬಹುದು, ವೇವ್ಸ್ ಮ್ಯಾಕ್ಸ್‌ಆಡಿಯೊ ಆಗಿರಬಹುದು, ನಹಿಮಿಕ್ ಆಗಿರಬಹುದು, ರಿಯಲ್‌ಟೆಕ್ ಕನ್ಸೋಲ್ ಆಗಿರಬಹುದು. ಸ್ಟಾರ್ಟ್ ಮೆನುವಿನಲ್ಲಿ 'ಆಡಿಯೊ' ಎಂದು ಬರೆದು ಹುಡುಕಿದರೆ ಸಾಮಾನ್ಯವಾಗಿ ಎದುರಾಗುತ್ತದೆ. ಒಳಗೆ 'ವಾಲ್ಯೂಮ್ ಲೆವೆಲರ್', 'ಡೈನಮಿಕ್', 'ಸ್ಮಾರ್ಟ್' ಮುಂತಾದ ಮುದ್ದು ಹೆಸರಿನಲ್ಲಿ ಇದೇ ಕೆಲಸ ಮಾಡುವ ಗುಂಡಿಗಳಿರುತ್ತವೆ. ಒಂದೊಂದಾಗಿ ಆಫ್ ಮಾಡಿ, ಪ್ರತಿ ಸಲವೂ ಮುದ್ರಣವನ್ನು ಕೇಳಿ. ಎಲ್ಲವನ್ನೂ ಒಟ್ಟಿಗೆ ಆಫ್ ಮಾಡಿದರೆ ಯಾವುದು ಕಳ್ಳ, ಯಾವುದು ಸಂಭಾವಿತ ಎಂದು ತಿಳಿಯುವುದಿಲ್ಲ. ಇನ್ನೊಂದು ಮಾತು: ಲ್ಯಾಪ್‌ಟಾಪಿನ ಬೆರಳುಗಾತ್ರದ ಸ್ಪೀಕರುಗಳಿಗೆ ಈ ತಂತ್ರಾಂಶಗಳೇ ಮೇಕಪ್ಪು. ಪೂರ್ತಿ ತೆಗೆದರೆ ಸದ್ದು ತೆಳ್ಳಗೆ ತಗಡಿನಂತೆ ಕೇಳಬಹುದು. ಆದ್ದರಿಂದ ಲೆವೆಲರ್ ಒಂದನ್ನು ಆಫ್ ಮಾಡಿ ಉಳಿದದ್ದನ್ನು ಹಾಗೆಯೇ ಬಿಟ್ಟುಕೊಳ್ಳುವುದು ಜಾಣತನ.

ಕರೆ ಬಂದಾಗ ಮಾತ್ರ ಸದ್ದು ಅಡಗಿದರೆ

ಇದು ಮನೆಯಿಂದ ಕೆಲಸ ಮಾಡುವ ಬೆಂಗಳೂರಿಗರ ರೋಗ. ಹಾಡು ಕೇಳುತ್ತಿರುತ್ತೀರಿ, ಆಫೀಸಿನ ಮೀಟಿಂಗ್ ಶುರುವಾಗುತ್ತದೆ, ಹಾಡು ಪಾತಾಳಕ್ಕೆ ಇಳಿಯುತ್ತದೆ. ಕೆಲವೊಮ್ಮೆ ಮೀಟಿಂಗ್ ಮುಗಿದ ಮೇಲೂ ಮೇಲೇಳುವುದಿಲ್ಲ. ವಿಂಡೋಸ್ 7ರ ಕಾಲದಿಂದಲೂ ಇರುವ ಸೌಕರ್ಯ ಇದು. ಕರೆ ನಡೆಯುತ್ತಿದೆ ಎಂದು ವಿಂಡೋಸಿಗೆ ಅನಿಸಿದ ಕೂಡಲೇ ಉಳಿದೆಲ್ಲ ಸದ್ದನ್ನೂ 80 ಪ್ರತಿಶತ ತಗ್ಗಿಸುತ್ತದೆ. ನೀವು ಕೇಳದಿದ್ದರೂ ಇದು ಮೊದಲಿನಿಂದಲೇ ಚಾಲೂ ಇರುತ್ತದೆ.

ಮೇಲೆ ಹೇಳಿದ ಅದೇ ಹಳೆಯ 'ಸೌಂಡ್' ಕಿಟಕಿಯಲ್ಲಿ 'ಕಮ್ಯುನಿಕೇಷನ್ಸ್' ಎಂಬ ವಿಭಾಗಕ್ಕೆ ಹೋಗಿ. ನಾಲ್ಕು ಆಯ್ಕೆಗಳಿವೆ: ಉಳಿದ ಸದ್ದನ್ನು ಪೂರ್ತಿ ಅಡಗಿಸು, 80 ಪ್ರತಿಶತ ತಗ್ಗಿಸು, 50 ಪ್ರತಿಶತ ತಗ್ಗಿಸು, ಏನೂ ಮಾಡಬೇಡ. ಕೊನೆಯ 'ಡು ನಥಿಂಗ್' ಆರಿಸಿ ಓಕೆ ಒತ್ತಿ. ವಿಂಡೋಸಿಗೆ ಸುಮ್ಮನಿರು ಎಂದು ಇಷ್ಟು ನೇರವಾಗಿ ಹೇಳಬಹುದಾದ ಜಾಗ ಇನ್ನೊಂದಿಲ್ಲ.

ಇದರ ನೆಂಟನಂತಹ ಇನ್ನೊಂದು ದೂರು ಇದೆ. "ನನಗೆ ಎಲ್ಲವೂ ಸರಿ ಕೇಳುತ್ತದೆ, ಆದರೆ ಆಚೆಯವರು ನಿಮ್ಮ ದನಿ ಹೋಗಿ ಬಂದು ಮಾಡುತ್ತಿದೆ ಎನ್ನುತ್ತಾರೆ." ಆಗ ನೋಡಬೇಕಾದದ್ದು ಸ್ಪೀಕರನ್ನಲ್ಲ, ಮೈಕನ್ನು. ಜೂಮ್, ಟೀಮ್ಸ್‌ನಂತಹ ತಂತ್ರಾಂಶಗಳು ಮೈಕಿನ ಸಂವೇದನೆಯನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು ಎನ್ನಿ. ಅಬ್ಬಾ, ಜೋರು ಎಂದು ಅದು ಮೈಕನ್ನು ತಗ್ಗಿಸುತ್ತದೆ. ಕೂಗು ನಿಂತ ಮೇಲೆ ಮೈಕು ಮೆಲ್ಲಗೆ ಮೇಲೇರುವಷ್ಟರಲ್ಲಿ ನೀವು ಆಡಿದ ನಾಲ್ಕು ಮಾತು ಯಾರಿಗೂ ಕೇಳಿಸಿರುವುದಿಲ್ಲ. ಅಷ್ಟರಲ್ಲಿ ಎರಡನೆಯ ಕೂಗು. ತಂತ್ರಾಂಶದ ಆಡಿಯೊ ಸೆಟಿಂಗ್ಸ್‌ನಲ್ಲಿ ಮೈಕನ್ನು ತಾನಾಗಿ ಹೊಂದಿಸುವ ಆಯ್ಕೆಯ ಟಿಕ್ ತೆಗೆದು, ಮಟ್ಟವನ್ನು ಕೈಯಿಂದ ಇಡಿ. ಇನ್ನು ನೀವು ಬಾಯಿ ತೆರೆದಾಗಲೆಲ್ಲ ಎದುರಿನವರ ದನಿ ತಗ್ಗುತ್ತಿದ್ದರೆ, ನಿಮ್ಮ ಸ್ಪೀಕರಿನ ಸದ್ದು ಮತ್ತೆ ನಿಮ್ಮ ಮೈಕಿಗೇ ಹೊಕ್ಕು ಪ್ರತಿಧ್ವನಿಯಾಗದಂತೆ ತಂತ್ರಾಂಶ ಹೆಣಗುತ್ತಿದೆ ಎಂದು ತಿಳಿಯಿರಿ. ಇಯರ್‌ಫೋನ್ ಹಾಕಿಕೊಂಡರೆ ಆ ಹೆಣಗಾಟ ತಪ್ಪುತ್ತದೆ.

ಒಂದೇ ಜಾಲತಾಣದಲ್ಲಿ, ಒಂದೇ ಆ್ಯಪಿನಲ್ಲಿ ಆಗುತ್ತಿದ್ದರೆ

ಯೂಟ್ಯೂಬಿನಲ್ಲಿ ವಿಡಿಯೊದ ಹಲ್ಲುಚಕ್ರದ ಚಿಹ್ನೆ ಒತ್ತಿದರೆ 'ಸ್ಟೇಬಲ್ ವಾಲ್ಯೂಮ್' ಎಂಬ ಆಯ್ಕೆ ಸಿಗುತ್ತದೆ. ಅದನ್ನು ಆಫ್ ಮಾಡಿ ನೋಡಿ. ಸ್ಪಾಟಿಫೈಯ ಸೆಟಿಂಗ್ಸ್‌ನಲ್ಲಿ ವಾಲ್ಯೂಮ್ ನಾರ್ಮಲೈಸ್ ಮಾಡುವ ಗುಂಡಿ ಇದೆ. ಹಾಡಿನಿಂದ ಹಾಡಿಗೆ ಸದ್ದು ಬದಲಾಗಬಾರದು ಎನ್ನುವವರು ಅದನ್ನು ಹಾಗೆಯೇ ಬಿಡಿ, ಬೇಡದವರು ತೆಗೆಯಿರಿ. ಆ್ಯಪಿನಿಂದ ಆ್ಯಪಿಗೆ ಸದ್ದು ಬೇರೆಯಾಗಿದ್ದರೆ ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ವಿಂಡೋಸ್, ಕಂಟ್ರೋಲ್ ಎರಡನ್ನೂ ಹಿಡಿದು ವಿ ಒತ್ತಿ. ಪ್ರತಿ ಆ್ಯಪಿಗೂ ಒಂದೊಂದು ಸ್ಲೈಡರ್ ಕಾಣುತ್ತದೆ. ಎಂದೋ ಯಾರೋ ಬ್ರೌಸರಿನದನ್ನು 20ಕ್ಕೆ ಇಳಿಸಿ ಮರೆತಿರುತ್ತಾರೆ.

ಗುಂಡಿ ತಾನಾಗಿ ಒತ್ತಿಹೋಗುತ್ತಿದ್ದರೆ

ಪಟ್ಟಿ ತಾನಾಗಿ ಮೂಡುತ್ತಿದ್ದರೆ ಸೆಟಿಂಗ್ಸ್ ಕಡೆಗೆ ಹೋಗಲೇಬೇಡಿ. ಮೊದಲು ಹೊರಗಿನದ್ದೆಲ್ಲವನ್ನೂ ಕಳಚಿ: ಹೊರ ಕೀಲಿಮಣೆ, ಮೌಸಿನ ಡಾಂಗಲ್, ಇಯರ್‌ಫೋನ್, ಯುಎಸ್‌ಬಿ ಸ್ಪೀಕರ್. ಬ್ಲೂಟೂತನ್ನೂ ಆಫ್ ಮಾಡಿ. ಚೇಷ್ಟೆ ನಿಂತರೆ ಒಂದೊಂದನ್ನೇ ಮರಳಿ ಜೋಡಿಸುತ್ತಾ ಬನ್ನಿ. ವಾಲ್ಯೂಮಿಗೆ ತಿರುಗಣೆ ಇರುವ ಕೀಲಿಮಣೆಗಳ ಮೇಲೆ ನನಗೆ ಮೊದಲ ಅನುಮಾನ. ತಿರುಗಣೆ ಸವೆದರೆ ಮುಟ್ಟದಿದ್ದರೂ ಹಾರುತ್ತದೆ, ಮುಂದಕ್ಕೆ ತಿರುಗಿಸಿದರೆ ಹಿಂದಕ್ಕೆ ಹೋಗುತ್ತದೆ.

ಎಲ್ಲ ಕಳಚಿದ ಮೇಲೂ ನಿಲ್ಲದಿದ್ದರೆ ಲ್ಯಾಪ್‌ಟಾಪಿನದೇ ಕೀ ಸಿಕ್ಕಿಕೊಂಡಿದೆ. ಅನೇಕ ಲ್ಯಾಪ್‌ಟಾಪುಗಳಲ್ಲಿ ವಾಲ್ಯೂಮ್ ಕೀಗಳು ಎಫ್1, ಎಫ್2, ಎಫ್3ರ ಜೊತೆ ಮನೆ ಹಂಚಿಕೊಂಡಿರುತ್ತವೆ. ಇಲ್ಲೊಂದು ಉಪಾಯವಿದೆ. ಬಯಾಸಿನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯಬಹುದಾದ ಯಂತ್ರದ ಸೆಟಿಂಗ್ಸ್), ಇಲ್ಲವೇ ಕೀಲಿಮಣೆಯ ಎಫ್ಎನ್ ಲಾಕ್ ಮೂಲಕ, ಮೇಲುಸಾಲನ್ನು ಬರಿಯ ಎಫ್ ಕೀಗಳಾಗಿ ಬದಲಾಯಿಸಿ. ಈಗ ವಾಲ್ಯೂಮ್ ಸುಮ್ಮನಾಗಿ, ಬದಲಿಗೆ ಬ್ರೌಸರಿನಲ್ಲಿ ಸಹಾಯ ಪುಟ ತಾನಾಗಿ ತೆರೆಯತೊಡಗಿದರೆ ಎಫ್1 ಕೀ ತಪ್ಪೊಪ್ಪಿಕೊಂಡಂತೆ. ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ, ಓರೆಯಾಗಿ ಹಿಡಿದು, ಒಣ ಮೃದು ಬ್ರಷ್ಷಿನಿಂದ ಆ ಕೀಯ ಸುತ್ತ ಗುಡಿಸಿ. ಮೆಟ್ರೊ ಕಾಮಗಾರಿ ನಡೆಯುವ ರಸ್ತೆಯ ಪಕ್ಕದ ಮನೆಗಳಿಂದ ಬಂದ ಲ್ಯಾಪ್‌ಟಾಪನ್ನು ಹೀಗೆ ಓರೆ ಮಾಡಿದಾಗ ಮೇಜಿನ ಮೇಲೆ ನಶ್ಯದಂತಹ ಬೂದು ಪುಡಿ ಬೀಳುತ್ತದೆ. ಕಾಫಿ ಚೆಲ್ಲಿದ್ದರೆ ಮಾತ್ರ ಬ್ರಷ್ಷಿಗೆ ಬಗ್ಗುವುದಿಲ್ಲ. ಹಾಲು ಸಕ್ಕರೆ ಒಣಗಿ ಅಂಟಾಗಿರುತ್ತದೆ. ಅಲ್ಲಿಗೆ ಕೀಲಿಮಣೆ ಬದಲಾಯಿಸುವ ಕೆಲಸವೇ.

ಅಂಕಿ ಕದಲುತ್ತದೆ, ಪಟ್ಟಿ ಮೂಡುವುದಿಲ್ಲ

ವಿಂಡೋಸ್ ಪ್ರತಿಯೊಂದು ಧ್ವನಿ ಸಾಧನಕ್ಕೂ ಬೇರೆ ಬೇರೆ ವಾಲ್ಯೂಮನ್ನು ನೆನಪಿಟ್ಟುಕೊಳ್ಳುತ್ತದೆ. ಬ್ಲೂಟೂತ್ ಹೆಡ್‌ಫೋನಿಗೆ 30, ಸ್ಪೀಕರಿಗೆ 80 ಎಂದಿಟ್ಟಿದ್ದರೆ ಹೆಡ್‌ಫೋನ್ ಸಂಪರ್ಕ ಕಡಿದ ಕ್ಷಣ ಸ್ಪೀಕರ್ 80ರಲ್ಲಿ ಅರಚುತ್ತದೆ. ಇದು ದೋಷವಲ್ಲ. ಆದರೆ ಇಯರ್‌ಫೋನಿನ ತೂತಿನಲ್ಲಿ ದೂಳು ಕೂತರೆ, ಪಿನ್ ಸಡಿಲವಾದರೆ, ಇಯರ್‌ಫೋನ್ ಹಾಕಿದರು, ತೆಗೆದರು, ಹಾಕಿದರು ಎಂದು ಲ್ಯಾಪ್‌ಟಾಪ್ ಭ್ರಮಿಸಿ ಅತ್ತಿತ್ತ ಹಾರುತ್ತಲೇ ಇರುತ್ತದೆ. ಸ್ಲೈಡರಿನ ಪಕ್ಕದಲ್ಲಿ ಸಾಧನದ ಹೆಸರೂ ಬದಲಾಗುತ್ತಿದೆಯೇ ನೋಡಿ. ಬದಲಾಗುತ್ತಿದ್ದರೆ ಆ ತೂತನ್ನು ಶುಚಿ ಮಾಡಿಸಬೇಕು. ಸೂಜಿ, ಹೇರ್‌ಪಿನ್ ತುರುಕಬೇಡಿ.

ಸಾಧನದ ಹೆಸರು ಬದಲಾಗದೆ ಅಂಕಿ ಮಾತ್ರ ಕದಲುತ್ತಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು, 'ಸ್ಟಾರ್ಟಪ್' ವಿಭಾಗದಲ್ಲಿ ಲ್ಯಾಪ್‌ಟಾಪ್ ಏಳುವಾಗಲೇ ಏಳುವ ಆ್ಯಪುಗಳನ್ನು ಒಂದೊಂದಾಗಿ ನಿಲ್ಲಿಸಿ, ಪ್ರತಿ ಸಲವೂ ಮರುಚಾಲನೆ ಮಾಡಿ ನೋಡಿ. ತಾಳ್ಮೆಯ ಕೆಲಸ, ಬೇರೆ ದಾರಿಯಿಲ್ಲ.

ನೂರರಲ್ಲಿಟ್ಟು ಹತ್ತು ನಿಮಿಷಕ್ಕೆ ಸದ್ದು ಕುಗ್ಗಿದರೆ

ಇದನ್ನು ದೋಷವೆಂದು ತಿಳಿದು ದುಡ್ಡು ಕಳೆದುಕೊಂಡವರನ್ನು ಕಂಡಿದ್ದೇನೆ. ಈಚಿನ ಅನೇಕ ಲ್ಯಾಪ್‌ಟಾಪುಗಳ ಆಂಪ್ಲಿಫೈಯರ್ ಚಿಪ್ ಸ್ಪೀಕರಿಗೆ ಹೋಗುವ ವಿದ್ಯುತ್ತನ್ನು ಅಳೆಯುತ್ತಲೇ ಇದ್ದು, ಒಳಗಿನ ತಂತಿಸುರುಳಿ ಎಷ್ಟು ಕಾದಿದೆ, ಸ್ಪೀಕರಿನ ಪೊರೆ ಎಷ್ಟು ಕುಣಿಯುತ್ತಿದೆ ಎಂದು ಅಂದಾಜು ಮಾಡುತ್ತದೆ. ಮಿತಿ ಮೀರುವಂತಿದ್ದರೆ ಸದ್ದನ್ನು ತಾನೇ ತಗ್ಗಿಸಿ ಸ್ಪೀಕರನ್ನು ಉಳಿಸಿಕೊಳ್ಳುತ್ತದೆ. ಹಬ್ಬದ ದಿನ ಮನೆ ತುಂಬ ಜನ, ಲ್ಯಾಪ್‌ಟಾಪ್ ಹಾಸಿಗೆಯ ಮೇಲೆ, ವಾಲ್ಯೂಮ್ ನೂರು, ತಮಟೆಯ ಹಾಡು. ಪಾಪ, ಅದು ಬೇರೇನು ಮಾಡೀತು? 60ಕ್ಕೆ ಇಳಿಸಿ ಅರ್ಧ ಗಂಟೆ ಕೇಳಿ. ಆಗ ಕುಗ್ಗದಿದ್ದರೆ ರಿಪೇರಿಗೆ ಕೊಡುವಂಥದ್ದೇನೂ ಇಲ್ಲ. ಜೋರು ಬೇಕೆಂದರೆ ಹೊರಗಿನ ಸ್ಪೀಕರ್ ಕೊಳ್ಳಿ.

ಲಿನಕ್ಸ್, ಮ್ಯಾಕ್ ಬಳಸುವವರಿಗೆ ಎರಡೇ ಮಾತು. ಪಲ್ಸ್‌ಆಡಿಯೊ ಎಂಬ ಹಳೆಯ ಧ್ವನಿ ವ್ಯವಸ್ಥೆ ಇರುವ ಲಿನಕ್ಸಿನಲ್ಲಿ ಒಂದು ಆ್ಯಪಿನ ಸದ್ದು ಏರಿಸಿದರೆ ಒಟ್ಟು ವಾಲ್ಯೂಮೂ ಏರುವುದುಂಟು. ಅದರ ಸಂರಚನಾ ಕಡತದಲ್ಲಿ 'ಫ್ಲ್ಯಾಟ್ ವಾಲ್ಯೂಮ್ಸ್' ಎಂಬುದನ್ನು 'ನೋ' ಮಾಡಿದರೆ ನಿಲ್ಲುತ್ತದೆ. ಮ್ಯಾಕಿನ ಮ್ಯೂಸಿಕ್ ಆ್ಯಪಿನಲ್ಲಿ 'ಸೌಂಡ್ ಚೆಕ್' ಆಫ್ ಮಾಡಿ ನೋಡಿ.

ಡ್ರೈವರ್, ಕೊನೆಗೆ ಅಂಗಡಿ

ಇಷ್ಟೆಲ್ಲ ಆದ ಮೇಲೆ ಡ್ರೈವರಿನ ಸರದಿ. ತೊಂದರೆ ಒಂದು ಅಪ್‌ಡೇಟ್ ಆದ ದಿನದಿಂದಲೇ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ 'ಸೌಂಡ್, ವಿಡಿಯೊ ಅಂಡ್ ಗೇಮ್ ಕಂಟ್ರೋಲರ್ಸ್' ಬಿಚ್ಚಿ, ನಿಮ್ಮ ಧ್ವನಿ ಸಾಧನದ ಪ್ರಾಪರ್ಟೀಸ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ. ಅದು ಮಸುಕಾಗಿದ್ದರೆ ಹಳೆಯದು ಉಳಿದಿಲ್ಲ. ಲ್ಯಾಪ್‌ಟಾಪ್ ತಯಾರಿಸಿದವರ ತಾಣದಿಂದ ನಿಮ್ಮದೇ ಮಾದರಿಯ ಡ್ರೈವರನ್ನು ಇಳಿಸಿಕೊಳ್ಳಿ.

ಯಂತ್ರದ್ದೇ ದೋಷವೋ ಅಲ್ಲವೋ ಎಂದು ತೀರ್ಮಾನಿಸಲು ಉಬುಂಟು ಎಂಬ ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪನ್ನು ಚಾಲೂ ಮಾಡಿ, ಇನ್‌ಸ್ಟಾಲ್ ಮಾಡದೆ ಅದೇ ಮುದ್ರಣವನ್ನು ಕೇಳುವುದು ಒಳ್ಳೆಯ ದಾರಿ. ಅಲ್ಲಿ ಸದ್ದು ಸರಾಗವಾಗಿ ಬಂದರೆ ತಪ್ಪು ವಿಂಡೋಸಿನ ಕಡೆಯದು. ಅಲ್ಲೂ ಕಡಿದು ಕಡಿದು ಬಂದರೆ, ಕೈ ಇಡುವ ಜಾಗವನ್ನು ಮೆಲ್ಲಗೆ ಅದುಮಿದಾಗ ಸದ್ದು ಬದಲಾದರೆ, ಒಳಗಿನ ತಂತಿ ಸಡಿಲವಾಗಿದೆ. ಕೆಲವು ಹೊಸ ಮಾದರಿಗಳಲ್ಲಿ ಉಬುಂಟುವಿಗೆ ಸ್ಪೀಕರೇ ಸರಿಯಾಗಿ ಸಿಗದಿರಬಹುದು. ಆಗ ಈ ಪರೀಕ್ಷೆಯನ್ನು ನಂಬಬೇಡಿ. ವಾರಂಟಿ ಇದ್ದರೆ ತಯಾರಿಸಿದವರ ಸೇವಾ ಕೇಂದ್ರಕ್ಕೆ, ಮುಗಿದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಿ. ಎಲ್ಲಿಗೆ ಹೋದರೂ "ಸದ್ದು ಸರಿಯಿಲ್ಲ" ಎನ್ನಬೇಡಿ. "ಅಂಕಿ ಕದಲುವುದಿಲ್ಲ, ಎನ್‌ಹಾನ್ಸ್‌ಮೆಂಟ್ ತೆಗೆದಿದ್ದೇನೆ, ಉಬುಂಟುವಿನಲ್ಲೂ ಹೀಗೆಯೇ ಆಗುತ್ತದೆ, ಎಡಗಡೆ ಅದುಮಿದರೆ ಸರಿಹೋಗುತ್ತದೆ" ಎನ್ನಿ. ಬಿಚ್ಚುವುದನ್ನು ಎದುರಿಗೇ ನಿಂತು ನೋಡಿ.

ಒಂದು ಎಚ್ಚರ: ವಿಂಡೋಸ್ ಅಪ್‌ಡೇಟ್ ಹೊಸ ಧ್ವನಿ ಡ್ರೈವರನ್ನು ತಂದು ಕೂರಿಸಿದಾಗ ನೀವು ಆಫ್ ಮಾಡಿದ್ದ ಎನ್‌ಹಾನ್ಸ್‌ಮೆಂಟುಗಳು ಮತ್ತೆ ಹತ್ತಿಕೊಳ್ಳುವುದುಂಟು. ಹೀಗಾಗಿ ಏನೇನು ಬದಲಾಯಿಸಿದಿರಿ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಮೇಷ್ಟ್ರು ತಮ್ಮ ಚೀಟಿಯನ್ನು ಲ್ಯಾಪ್‌ಟಾಪಿನ ಅಡಿಗೇ ಅಂಟಿಸಿಕೊಂಡಿದ್ದಾರೆ. ಮೊನ್ನೆ ಹಾಲಿನ ಬೂತಿನ ಹತ್ತಿರ ಸಿಕ್ಕಾಗ, "ತಂಬೂರಿ ಮತ್ತೆ ಎದ್ದಿತ್ತಪ್ಪ, ಈ ಸಲ ನಾನೇ ಮಲಗಿಸಿದೆ" ಎಂದರು.